ಮುಂಬಯಿಯ ಕನ್ನಡ ಸಂಘಕ್ಕೊಂದು ಚಾಟ್‌ಬಾಟ್: ಕೇಳಿದ್ದು ತಿಳಿಯಬೇಕು, ತಿಳಿಯದ್ದು ಹೇಳಬಾರದು

ಮಾಟುಂಗಾ, ಡೊಂಬಿವಲಿ, ಥಾಣೆ, ಪುಣೆ, ಗೋವಾದ ವಾಸ್ಕೋ. ಕನ್ನಡಿಗರು ನೆಲೆ ನಿಂತ ಕಡೆಯಲ್ಲೆಲ್ಲ ಒಂದು ಸಂಘ, ಸಂಘಕ್ಕೊಂದು ಪುಟ್ಟ ಕಚೇರಿ, ಕಚೇರಿಗೊಂದು ಫೋನು ಇರುತ್ತದೆ. ಸಂಜೆ ಎರಡು-ಮೂರು ಗಂಟೆ ಮಾತ್ರ ಬಾಗಿಲು ತೆರೆಯುವ ಆ ಕಚೇರಿಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ: ಸಭಾಂಗಣಕ್ಕೆ ಬಾಡಿಗೆ ಎಷ್ಟು, ಈ ಭಾನುವಾರ ಖಾಲಿ ಇದೆಯೇ, ಮಕ್ಕಳ ಕನ್ನಡ ತರಗತಿ ಯಾವಾಗ ಶುರು, ವಿದ್ಯಾರ್ಥಿವೇತನಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ, ಯಕ್ಷಗಾನಕ್ಕೆ ಪಾಸ್ ಉಂಟಾ. ಈ ಕೆಲಸವನ್ನು ಸಂದೇಶಗಳಿಗೆ ತಾನಾಗಿ ಉತ್ತರಿಸುವ ಪ್ರೋಗ್ರಾಮಿಗೆ, ಅಂದರೆ ಚಾಟ್‌ಬಾಟ್‌ಗೆ ವಹಿಸಬಹುದು. ಪ್ರೋಗ್ರಾಮಿಂಗ್ ಬಲ್ಲ ಇಬ್ಬರು ಯುವಕರು, ಕಚೇರಿಯ ಒಳಹೊರಗು ಬಲ್ಲ ಒಬ್ಬ ಹಿರಿಯರು ಸೇರಿದರೆ ಆರು ವಾರಾಂತ್ಯಗಳಲ್ಲಿ ಮುಗಿಯುತ್ತದೆ. ಇದರಲ್ಲಿ ಹಿರಿಯರ ಪಾಲೇ ದೊಡ್ಡದು. ಬಾಟ್ ಎಷ್ಟು ಜಾಣ ಎಂಬುದನ್ನು ತೀರ್ಮಾನಿಸುವುದು ನೀವು ಆರಿಸುವ ಎಐ ಮಾದರಿಗಿಂತ ಹೆಚ್ಚಾಗಿ ಅದರ ಕೈಗೆ ಕೊಡುವ ಉತ್ತರದ ಕಡತ.

ಮೊದಲು ಪ್ರಶ್ನೆ ಕೂಡಿಸಿ

ಮೂರು ವಾರ ಯಾವ ಕೋಡನ್ನೂ ಬರೆಯಬೇಡಿ. ಕಚೇರಿಯ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟು, ಬಂದ ಪ್ರತಿ ಪ್ರಶ್ನೆಯನ್ನೂ ಕೇಳಿದ ಮಾತಿನಲ್ಲೇ ಬರೆಸಿ. ‘ಸಭಾಂಗಣದ ಲಭ್ಯತೆಯ ವಿಚಾರಣೆ’ ಎಂದು ಬರೆದರೆ ಉಪಯೋಗವಿಲ್ಲ. ‘ಹಾಲ್ ಖಾಲಿ ಉಂಟಾ ಹದಿನಾಲ್ಕಕ್ಕೆ’ ಎಂದೇ ಬೇಕು. ವಾಟ್ಸಾಪ್‌ನಲ್ಲಿ ಬಂದಿದ್ದರೆ ಕಾಗುಣಿತ ತಿದ್ದದೆ ಹಾಗೆಯೇ ನಕಲಿಸಿ, ಕಳಿಸಿದವರ ಹೆಸರು ಮತ್ತು ನಂಬರನ್ನು ಮಾತ್ರ ತೆಗೆದುಬಿಡಿ. ನೂರೈವತ್ತರಿಂದ ಇನ್ನೂರು ಪ್ರಶ್ನೆ ಸಿಕ್ಕರೆ ಸಾಕು.

ಅವನ್ನು ಮೂರು ಗುಂಪು ಮಾಡಿ. ಬಾಡಿಗೆ, ಸಮಯ, ನಿಯಮದಂಥ ಸ್ಥಿರ ಉತ್ತರದವು ಒಂದು ಗುಂಪು. ಯಾವ ದಿನ ಖಾಲಿ, ಎಷ್ಟು ಸೀಟು ಉಳಿದಿದೆ ಎಂಬಂತೆ ದಿನದಿನಕ್ಕೂ ಬದಲಾಗುವವು ಇನ್ನೊಂದು. ವಿದ್ಯಾರ್ಥಿವೇತನದ ತೀರ್ಮಾನ, ದೂರು, ಸಾವುನೋವಿನ ನೆರವು ಇವು ಮೂರನೆಯವು. ಇಲ್ಲಿ ಮನುಷ್ಯರೇ ಮಾತಾಡಬೇಕು. ಭಾಷಾ ಮಾದರಿಗೆ (ವಾಕ್ಯ ರಚಿಸುವ ಎಐಗೆ) ಮೊದಲನೆಯ ಗುಂಪನ್ನು ಮಾತ್ರ ಒಪ್ಪಿಸಿ. ಎರಡನೆಯದಕ್ಕೆ ಪ್ರೋಗ್ರಾಮ್ ನೇರವಾಗಿ ಬುಕಿಂಗ್ ಶೀಟ್ ನೋಡಿ ಹೇಳಬೇಕು. ಮೂರನೆಯದು ಬಂದ ಕೂಡಲೇ ಸಂಬಂಧಪಟ್ಟವರ ಫೋನಿಗೆ ದಾಟಿಸಬೇಕು. ಈ ಮೂರನ್ನೂ ಒಂದೇ ಮಾದರಿಯ ತಲೆಗೆ ಕಟ್ಟಿದರೆ ಅದು ಖಾಲಿ ಇಲ್ಲದ ದಿನವನ್ನು ಖಾಲಿ ಎನ್ನುತ್ತದೆ, ಅದೂ ಬಹಳ ವಿನಯದಿಂದ.

ಉತ್ತರದ ಕಡತ

ಒಂದು ಸ್ಪ್ರೆಡ್‌ಶೀಟ್ ಸಾಕು. ಸಾಲಿಗೊಂದು ವಿಷಯ. ಅಂಕಣಗಳು ಐದು: ವಿಷಯ, ಜನ ಅದನ್ನು ಕೇಳುವ ನಾಲ್ಕೈದು ಬಗೆ, ಉತ್ತರ, ಯಾವ ದಿನಾಂಕದವರೆಗೆ ಊರ್ಜಿತ, ಈ ಉತ್ತರಕ್ಕೆ ಹೊಣೆ ಯಾರು. ಕೊನೆಯ ಎರಡು ಅಂಕಣಗಳನ್ನು ಬಿಡುವವರೇ ಹೆಚ್ಚು, ಕೆಡುವುದೂ ಅಲ್ಲೇ. ಕಳೆದ ವರ್ಷದ ಬಾಡಿಗೆ ಶೀಟಿನಲ್ಲಿ ಉಳಿದಿದ್ದರೆ ಬಾಟ್ ಅದನ್ನೇ ಹೇಳುತ್ತದೆ. ದಿನಾಂಕ ದಾಟಿದ ಸಾಲನ್ನು ಪ್ರೋಗ್ರಾಮ್ ತಾನಾಗಿ ಕೈಬಿಡುವಂತೆ ಮಾಡಿ.

ಒಂದು ಉತ್ತರ ನೂರು-ನೂರೈವತ್ತು ಪದ ಮೀರದಿರಲಿ. ದೊಡ್ಡ ಸಭಾಂಗಣದ್ದೂ ಚಿಕ್ಕದರದ್ದೂ ಬಾಡಿಗೆಯನ್ನು ಒಂದೇ ಸಾಲಿನಲ್ಲಿ ಸೇರಿಸಬೇಡಿ; ಮಾದರಿ ಎರಡನ್ನೂ ಕಲಸಿಬಿಡುತ್ತದೆ. ಬಾಡಿಗೆಯ ಜೊತೆಗೇ ಠೇವಣಿ, ಎಸಿ, ಸ್ವಚ್ಛತೆಯ ಖರ್ಚನ್ನೂ ಬರೆಯಿರಿ. ಅದು ಬೇರೆ ಸಾಲಿಗೆ ಹೋದರೆ ಕೇಳಿದವರಿಗೆ ಅರ್ಧ ಲೆಕ್ಕವೇ ಸಿಕ್ಕೀತು.

ಹಳೆಯ ಕಡತಗಳಲ್ಲಿ ಒಂದು ಹೊಂಡವಿದೆ. ಸಂಘದ ನಿಯಮಾವಳಿ, ವಾರ್ಷಿಕ ವರದಿಗಳು ಬಹುಪಾಲು ‘ನುಡಿ’, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಇಲ್ಲವೇ ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನವರ ಶ್ರೀಲಿಪಿಯಲ್ಲಿ ಟೈಪಾಗಿರುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಪಿಡಿಎಫ್‌ನಿಂದ ನಕಲಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬರುತ್ತದೆ. ಮೊದಲು ಪರಿವರ್ತಕದಿಂದ, ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ-ಸಂಕೇತಗಳ ಪಟ್ಟಿಯಾದ ಯೂನಿಕೋಡ್‌ಗೆ ತನ್ನಿ. ಕಾಗದ ಮಾತ್ರ ಉಳಿದಿದ್ದರೆ ಟೆಸರಾಕ್ಟ್‌ನಂಥ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಕನ್ನಡವನ್ನೂ ಓದುತ್ತದೆ, ಆದರೆ ಒತ್ತಕ್ಷರದಲ್ಲಿ ಎಡವುತ್ತದೆ. ಎರಡೂ ಸಂದರ್ಭಗಳಲ್ಲಿ ಅಂಕಿಗಳನ್ನು ಮನುಷ್ಯರೊಬ್ಬರು ಮೂಲದೊಡನೆ ಒಂದೊಂದಾಗಿ ತಾಳೆ ನೋಡಲೇಬೇಕು.

ಬಂದ ಮಾತನ್ನು ಹಸನು ಮಾಡುವುದು

ಕನ್ನಡ ಬಾಟ್‌ಗಳಲ್ಲಿ ಅರ್ಧ ಕೆಲಸ ಇದೇ. ಬೇರೆ ಭಾಷೆಗೆ ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್ಎಫ್‌ವರೆಗೆ 128 ಸ್ಥಾನಗಳಿವೆ; ಒಂದೊಂದು ಅಕ್ಷರ ಅಥವಾ ಚಿಹ್ನೆಗೆ ಒಂದೊಂದು ಸ್ಥಾನ, ಅದೇ ಅದರ ಸಂಕೇತ. ‘ಕೋ’ ಎಂಬ ಅಕ್ಷರವನ್ನು ‘ಕ’ದ ಜೊತೆ ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ಮೂರು ಚೂರುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಬಂದ ಪಠ್ಯವನ್ನೂ ಕಡತವನ್ನೂ ಎನ್‌ಎಫ್‌ಸಿ (ಚೂರುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಪ್ರಮಾಣಿತ) ರೂಪಕ್ಕೆ ಇಳಿಸಿದರೆ ಈ ತೊಡಕು ತೀರುತ್ತದೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ಎನ್‌ಎಫ್‌ಸಿಯಿಂದ ತೀರದ್ದು ಸೊನ್ನೆಯ ಸಮಸ್ಯೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಟೈಪಿಸುವವರು ಬಹಳ ಮಂದಿ. ‘ಸಂಘ’ ಮತ್ತು ‘ಸ೦ಘ’ ಒಂದೇ ರೀತಿ ಕಾಣುತ್ತವೆ, ಎರಡನೆಯದರಲ್ಲಿರುವುದು ಅಂಕಿ. ನಿಯಮ ಸರಳ: ಸೊನ್ನೆಯ ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಅನುಸ್ವಾರ ಮಾಡಿ, ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ. ಆಮೇಲೆ ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ. ಈ ಎರಡು ಹೆಜ್ಜೆಗಳ ಕ್ರಮ ತಿರುಗಿದರೆ ಸಂಘದ ನಡುವೆ 0 ಕೂತುಬಿಡುತ್ತದೆ.

‘ಹಾಲ್‌ಗೆ’ ಎಂಬುದರಲ್ಲಿ ಲ್ ಮತ್ತು ಗೆ ಬೆಸೆಯದಂತೆ ತಡೆಯುವ ಕಾಣದ ಸಂಕೇತವೊಂದಿದೆ. ಕೆಲವರು ಅದಿಲ್ಲದೆ ‘ಹಾಲ್ಗೆ’ ಎಂದು ಬರೆಯುತ್ತಾರೆ. ಹುಡುಕಾಟಕ್ಕೆ ಮಾತ್ರ ಅದನ್ನು ಎರಡೂ ಕಡೆಯಿಂದ ತೆಗೆದುಹಾಕಿ. ಜನರಿಗೆ ತೋರಿಸುವ ಉತ್ತರದಲ್ಲಿ ಉಳಿಸಿಕೊಳ್ಳಿ.

ಇನ್ನು ಲಿಪಿ. ಮುಂಬಯಿ-ಪುಣೆಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಕನ್ನಡವನ್ನೋ ತುಳುವನ್ನೋ ಲೀಲಾಜಾಲವಾಗಿ ಮಾತಾಡುತ್ತಾರೆ, ಕನ್ನಡ ಓದಲು ಬಾರದು. ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪಿಸುತ್ತಾರೆ. ಅದಕ್ಕೊಂದು ಕಾಗುಣಿತವೇ ಇಲ್ಲ: ‘ಬೇಕು’ ಎಂಬುದು ಒಬ್ಬರ ಕೈಯಲ್ಲಿ beku, ಇನ್ನೊಬ್ಬರಲ್ಲಿ beeku, ಅವಸರದಲ್ಲಿ ಬರೀ bku. ಪಟ್ಟಿ ಮಾಡಿ ಗೆಲ್ಲಲಾಗದು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಮುಕ್ತವಾಗಿ ಕೊಟ್ಟಿರುವ ಇಂಡಿಕ್‌ಎಕ್ಸ್‌ಲಿಟ್ ಇಂಥದ್ದನ್ನು ಕನ್ನಡ ಲಿಪಿಗೆ ತರುತ್ತದೆ. ಆದರೆ ನಡುನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ಬಗೆಯಬಹುದು. ಇಡೀ ವಾಕ್ಯವನ್ನು ದೊಡ್ಡ ಭಾಷಾ ಮಾದರಿಗೆ ಕೊಟ್ಟು ‘ಇದನ್ನು ಸರಳ ಕನ್ನಡದ ಒಂದು ಪ್ರಶ್ನೆಯಾಗಿ ಬರೆ, ಹೆಸರು, ದಿನಾಂಕ, ಅಂಕಿ ಬದಲಿಸಬೇಡ’ ಎಂದು ಕೇಳುವುದು ಬೆರಕೆ ಮಾತಿಗೆ ಹೆಚ್ಚು ಒಗ್ಗುತ್ತದೆ. ಇದೇ ಹೆಜ್ಜೆಯಲ್ಲಿ ಹಿಂದಿನ ಎರಡು-ಮೂರು ಸಂದೇಶಗಳನ್ನೂ ಕೊಟ್ಟರೆ ‘ಅದಕ್ಕೆಷ್ಟು?’ ಎಂಬುದು ‘ಚಿಕ್ಕ ಸಭಾಂಗಣದ ಬಾಡಿಗೆ ಎಷ್ಟು?’ ಎಂದಾಗುತ್ತದೆ.

ದೇವನಾಗರಿ ಬಂದರೆ ಹಿಂದಿ ಎಂದುಕೊಳ್ಳಬೇಡಿ. ‘ಆಹೇ’, ‘ಕಿತೀ’, ‘ಪಾಹಿಜೇ’ ಕಂಡರೆ ಮರಾಠಿ. ಸಭಾಂಗಣ ಕೇಳುವವರಲ್ಲಿ ನೆರೆಯ ಮರಾಠಿಗರೂ ಇರುತ್ತಾರೆ, ಅವರಿಗೆ ಮರಾಠಿಯಲ್ಲೇ ಉತ್ತರ ಸಲ್ಲುವುದು ಸಂಘಕ್ಕೂ ಗೌರವ. ಹಿಂದಿಯ ‘ಕಲ್’ ನಿನ್ನೆಯೂ ಆಗಬಹುದು, ನಾಳೆಯೂ ಆಗಬಹುದು. ‘ಪರಸೋಂ’ ಕೂಡ ಹಾಗೆಯೇ. ಅಲ್ಲಿ ಬಾಟ್ ಊಹಿಸದೆ ದಿನಾಂಕ ಕೇಳಲಿ.

ಉತ್ತರ ಯಾವ ಲಿಪಿಯಲ್ಲಿ ಹೋಗಬೇಕು? ಕೇಳಿದವರ ಲಿಪಿಯಲ್ಲೇ. ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ ಹುಡುಗಿಗೆ ಕನ್ನಡ ಲಿಪಿಯ ಉತ್ತರ ಹೋದರೆ ಆಕೆ ಮತ್ತೆ ಕೇಳಲಾರಳು. ಉತ್ತರವನ್ನು ಕನ್ನಡದಲ್ಲೇ ಸಿದ್ಧಪಡಿಸಿ, ಕೊನೆಯಲ್ಲಿ ಲಿಪ್ಯಂತರದ ಪ್ರೋಗ್ರಾಮಿನಿಂದ ಬದಲಿಸಿ ಕಳಿಸಿ. ಮಾದರಿಯಿಂದಲೇ ಬರೆಸಿದರೆ ಒಂದೊಂದು ಸಲ ಒಂದೊಂದು ಕಾಗುಣಿತ.

ಸರಿಯಾದ ಸಾಲನ್ನು ಹುಡುಕುವುದು

ಪೂರ್ತಿ ಪದ ಹೊಂದಿಸುವ ಹುಡುಕಾಟ ಕನ್ನಡದಲ್ಲಿ ಸೋಲುತ್ತದೆ. ಸಂಘ, ಸಂಘದ, ಸಂಘಕ್ಕೆ, ಸಂಘದಲ್ಲಿ, ಸಂಘದವರಿಗೆ, ಎಲ್ಲವೂ ಯಂತ್ರಕ್ಕೆ ಬೇರೆ ಪದಗಳು. ಮೂರರಿಂದ ಐದು ಅಕ್ಷರ-ಸಂಕೇತಗಳ ತುಣುಕುಗಳನ್ನು ಹೋಲಿಸಿದರೆ ಪ್ರತ್ಯಯ ಬದಲಾದರೂ ಬೇರು ಸಿಗುತ್ತದೆ. ಇದರ ಜೊತೆಗೆ ಅರ್ಥವನ್ನು ಅಂಕಿಗಳ ಸಾಲಾಗಿಸುವ ಎಂಬೆಡಿಂಗ್ ಮಾದರಿಯೂ ಬೇಕು. ಆಗಲೇ ‘ಬಾಡಿಗೆ’ ಎಂದು ಬರೆದ ಸಾಲು ‘ಚಾರ್ಜು’ ಎಂದು ಕೇಳಿದವರಿಗೂ ಸಿಗುವುದು. ಬಿಜಿಇ-ಎಂ3, ಮಲ್ಟಿಲಿಂಗ್ವಲ್ ಇ5, ಲಾಬ್ಸೆ ಮೂರೂ ಉಚಿತ, ಕನ್ನಡ ತಿಳಿಯುವಂಥವು. ಇ5 ಬಳಸುವುದಾದರೆ ಪ್ರಶ್ನೆಯ ಮುಂದೆ ‘ಕ್ವೆರಿ’ ಎಂದೂ ಉತ್ತರದ ಮುಂದೆ ‘ಪ್ಯಾಸೇಜ್’ ಎಂದೂ ಅದರ ಕೈಪಿಡಿ ಹೇಳಿದ ಪೂರ್ವಪದ ಹಾಕಲೇಬೇಕು. ಮರೆತರೆ ಯಾವ ದೋಷವನ್ನೂ ತೋರಿಸದೆ ಫಲಿತಾಂಶ ಸದ್ದಿಲ್ಲದೆ ಕೆಡುತ್ತದೆ.

ಎರಡು ಹುಡುಕಾಟಗಳಲ್ಲಿ ಸಾಲುಗಳಿಗೆ ಸಿಕ್ಕ ಸ್ಥಾನಗಳನ್ನು (ಮೊದಲನೆಯದು, ಎರಡನೆಯದು ಎಂಬಂತೆ) ಕೂಡಿಸಲು ಪ್ರತಿ ಸಾಲಿಗೂ 1ನ್ನು ‘60 ಕೂಡಿಸು ಸ್ಥಾನ’ದಿಂದ ಭಾಗಿಸಿ, ಎರಡೂ ಕಡೆಯ ಮೊತ್ತ ಸೇರಿಸಿ. ಹೆಚ್ಚು ಮೊತ್ತದ ನಾಲ್ಕು ಸಾಲುಗಳನ್ನು ಭಾಷಾ ಮಾದರಿಗೆ ಕೊಡಿ. ಇದಕ್ಕೆ ಇಂಥ ಅಂಕಿಸಾಲುಗಳನ್ನು ಇಡುವ ದುಬಾರಿ ವೆಕ್ಟರ್ ಡೇಟಾಬೇಸ್ ಖಂಡಿತ ಬೇಡ. 300 ಸಾಲು, ಸಾಲಿಗೆ 1,024 ಅಂಕಿ, ಅಂಕಿಗೆ 4 ಬೈಟ್. ಒಟ್ಟು ಸುಮಾರು 1.2 ಎಂಬಿ. ಫೋನಿನ ಒಂದು ಫೋಟೊಗಿಂತ ಕಡಿಮೆ.

‘ಗೊತ್ತಿಲ್ಲ’ ಎನ್ನುವ ಗಡಿ ಎಲ್ಲಿರಬೇಕೆಂದು ಊಹೆಯಿಂದ ಇಡಬೇಡಿ. ಇ5ರ ಸಾಮ್ಯದ ಅಂಕ ಬಹುಪಾಲು 0.7ರಿಂದ 1ರ ನಡುವೆಯೇ ಬೀಳುತ್ತದೆ, 0.5ಕ್ಕೆ ಗಡಿ ಇಟ್ಟರೆ ಎಲ್ಲವೂ ಪಾಸು. ನೋಟ್‌ಬುಕ್ಕಿನ ಪ್ರಶ್ನೆಗಳನ್ನೇ ಹಾಕಿ ನೋಡಿ, ಉತ್ತರ ಇರುವವುಗಳ ಅಂಕವೂ ಇಲ್ಲದವುಗಳ ಅಂಕವೂ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಇಡಿ.

ಮಾದರಿಗೆ ಕೊಡುವ ಸೂಚನೆ

ಸ್ವಂತ ಮಾದರಿಗೆ ತರಬೇತಿ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ತರಬೇತಿಯಿಂದ ಮಾತಿನ ಧಾಟಿ ಬದಲಾದೀತು, ಬಾಡಿಗೆ ಏರಿದಾಗಲೆಲ್ಲ ಮತ್ತೆ ತರಬೇತಿ ಮಾಡುವವರು ಯಾರು? ಸಿದ್ಧ ಮಾದರಿಯೊಂದನ್ನು ಆರಿಸಿ. ಆರಿಸುವ ಮುನ್ನ ನಿಮ್ಮದೇ ಐವತ್ತು ಉತ್ತರಗಳನ್ನು ಅದರ ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಚೂರು) ಎಣಿಕೆಗೆ ಹಾಕಿ ನೋಡಿ. ಯೂನಿಕೋಡನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಕೆಲವು ಮಾದರಿಗಳು ಕನ್ನಡವನ್ನು ಚೂರುಚೂರು ಮಾಡುತ್ತವೆ. ಆಗ ಅದೇ ಉತ್ತರಕ್ಕೆ ಇಂಗ್ಲಿಷಿನ ಹಲವು ಪಟ್ಟು ಖರ್ಚು, ನಿಧಾನವೂ ಹೆಚ್ಚು.

ಸೂಚನೆಯನ್ನು ಕನ್ನಡದಲ್ಲೇ ಬರೆಯಿರಿ. ಅದರಲ್ಲಿ ಇರಬೇಕಾದದ್ದು ಇಷ್ಟು: ಕೊಟ್ಟ ಸಾಲುಗಳಲ್ಲಿ ಇರುವುದನ್ನು ಮಾತ್ರ ಹೇಳು; ಇಲ್ಲದಿದ್ದರೆ ‘ಇದನ್ನು ಕಚೇರಿಯವರೇ ಹೇಳಬೇಕು, ನಿಮ್ಮ ಪ್ರಶ್ನೆ ಅವರಿಗೆ ತಲುಪಿಸಿದ್ದೇನೆ’ ಎನ್ನು; ನಾಲ್ಕು ವಾಕ್ಯ ಮೀರಬೇಡ; ‘ನೀವು’ ಎಂದೇ ಕರೆ; ಲೆಕ್ಕ ಮಾಡಬೇಡ. ಎರಡು ದಿನದ ಬಾಡಿಗೆ ಕೇಳಿದರೆ ಗುಣಾಕಾರವನ್ನು ಪ್ರೋಗ್ರಾಮ್ ಮಾಡಲಿ. ಉತ್ತರ ಸಲದಿಂದ ಸಲಕ್ಕೆ ಎಷ್ಟು ಬದಲಾಗಬಹುದೆಂಬ ಅಳತೆಯಾದ ‘ಟೆಂಪರೇಚರ್’ 0 ಅಥವಾ 0.2ರ ಒಳಗೆ ಇರಲಿ.

ಧಾಟಿಯನ್ನು ಹೇಳಿ ಕಲಿಸಲಾಗದು, ತೋರಿಸಬೇಕು. ಬಿಟ್ಟರೆ ಮಾದರಿ ‘ನಾನು ಇಂದು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎನ್ನುತ್ತದೆ. ಕಚೇರಿಯ ಹಿರಿಯರು ಹಾಗೆ ಮಾತಾಡುತ್ತಾರೆಯೇ? ‘ನಮಸ್ಕಾರ, ಏನು ಬೇಕಿತ್ತು ಹೇಳಿ’ ಎನ್ನುತ್ತಾರೆ. ಅವರಿಂದಲೇ ಎಂಟು ನಮೂನೆ ಸಂಭಾಷಣೆ ಬರೆಸಿ ಸೂಚನೆಗೆ ಸೇರಿಸಿ. ಅದರಲ್ಲಿ ಎರಡು, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಉತ್ತರಗಳಾಗಿರಲಿ.

ಇಂದಿನ ದಿನಾಂಕವನ್ನೂ ವಾರವನ್ನೂ ಪ್ರತಿ ಬಾರಿ ಸೂಚನೆಯಲ್ಲಿ ಕಳಿಸಿ. ಇಲ್ಲದಿದ್ದರೆ ‘ಬರುವ ಭಾನುವಾರ’, ‘ನಾಡಿದ್ದು’ ಯಾವುದೆಂದು ಅದಕ್ಕೆ ತಿಳಿಯದು. ಸರ್ವರ್ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿ) ಓಡುತ್ತದೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಮಯವಲಯ ಸರಿಪಡಿಸದಿದ್ದರೆ ಬೆಳಗಿನ 5:30ರವರೆಗೆ ಬಾಟ್ ನಿನ್ನೆಯಲ್ಲೇ ಇರುತ್ತದೆ.

ಎಲ್ಲಕ್ಕೂ ದೊಡ್ಡ ಮಾದರಿ ಬೇಕಿಲ್ಲ ಎಂಬುದೂ ನೆನಪಿರಲಿ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಎಲೈಜಾ ಬರೀ ಪದಗಳ ಜೋಡಣೆ ಹಿಡಿದು ಉತ್ತರಿಸುತ್ತಿತ್ತು. ‘ನಮಸ್ಕಾರ’, ‘ಧನ್ಯವಾದ’, ‘ವಿಳಾಸ ಕಳಿಸಿ’ ಇಂಥವಕ್ಕೆ ಇಂದಿಗೂ ಆ ವಿಧಾನವೇ ಚೆನ್ನ: ಖರ್ಚಿಲ್ಲ, ತಪ್ಪುವುದೂ ಇಲ್ಲ.

ಟೆಲಿಗ್ರಾಂನಲ್ಲಿ ಪ್ರಯೋಗ, ವಾಟ್ಸಾಪ್‌ನಲ್ಲಿ ಬಳಕೆ

ಟೆಲಿಗ್ರಾಂನಲ್ಲಿ ಬಾಟ್ ತೆರೆದುಕೊಡುವ ಅಧಿಕೃತ ಖಾತೆ ಬಾಟ್‌ಫಾದರ್‌ಗೆ ಸಂದೇಶ ಕಳಿಸಿದರೆ ಎರಡು ನಿಮಿಷದಲ್ಲಿ ಟೋಕನ್ (ಬಾಟ್ ನಡೆಸಲು ಬೇಕಾದ ಗುಪ್ತ ಸಂಕೇತ) ಸಿಗುತ್ತದೆ, ಹಣ ಬೇಡ. ಕಾರ್ಯಕಾರಿ ಸಮಿತಿಯ ಹತ್ತು ಮಂದಿ ಅಲ್ಲಿ ಎರಡು ವಾರ ಬಳಸಲಿ. ಜನ ಇರುವುದು ವಾಟ್ಸಾಪ್‌ನಲ್ಲಿ, ಕೊನೆಗೆ ಅಲ್ಲಿಗೇ ಹೋಗಬೇಕು. ಅದಕ್ಕೆ ಸಂಘದ ಹೆಸರಿನಲ್ಲಿ ಪ್ರತ್ಯೇಕ ಸಿಮ್ ತೆಗೆದುಕೊಳ್ಳುವುದು ಒಳ್ಳೆಯದು. ಪದಾಧಿಕಾರಿಯ ಸ್ವಂತ ನಂಬರ್ ಕೊಟ್ಟರೆ ಮುಂದಿನ ಚುನಾವಣೆಯ ನಂತರ ತೊಂದರೆ.

ವಾಟ್ಸಾಪ್‌ನ ನಿಯಮಗಳಲ್ಲಿ ಮುಖ್ಯವಾದದ್ದು 24 ಗಂಟೆಯದು. ಜನ ಕೊನೆಯ ಬಾರಿ ಬರೆದ 24 ಗಂಟೆಯೊಳಗೆ ಏನು ಬೇಕಾದರೂ ಉತ್ತರಿಸಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ (ಸಿದ್ಧ ಸಂದೇಶ) ಮಾತ್ರ. ಉತ್ತರದ ಬಟನ್‌ಗಳು ಮೂರೇ, ಒಂದೊಂದರಲ್ಲೂ 20 ಸಂಕೇತ. ‘ಕನ್ನಡ ಕಲಿಕಾ ತರಗತಿಗಳ ವಿವರ’ ಎಂಬುದು ನಮ್ಮ ಲೆಕ್ಕದಲ್ಲಿ ಖಾಲಿ ಜಾಗ ಸೇರಿ 18, ಯಂತ್ರದ ಲೆಕ್ಕದಲ್ಲಿ ಸ್ವರಚಿಹ್ನೆ, ವಿರಾಮ (ಅರ್ಧಾಕ್ಷರದ ಚಿಹ್ನೆ) ಎಲ್ಲ ಸೇರಿ 24. ಬಟನ್ ಹೋಗುವುದೇ ಇಲ್ಲ. ‘ಕನ್ನಡ ತರಗತಿ’ ಎಂದರೆ 11, ಸಾಕಷ್ಟು ಜಾಗ.

ಸಂದೇಶ ಬಂದ ಕೂಡಲೇ ‘ತಲುಪಿತು’ ಎಂಬ 200ರ ಸಂಕೇತವನ್ನು ಮರಳಿಸಿ, ಉತ್ತರ ಸಿದ್ಧಪಡಿಸುವ ಕೆಲಸವನ್ನು ಹಿಂದೆ ನಡೆಸಿ. ಮಾದರಿಯ ಉತ್ತರಕ್ಕೆ ಕಾದು ಕೂತರೆ ವಾಟ್ಸಾಪ್ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ, ಜನರಿಗೆ ಒಂದೇ ಉತ್ತರ ಎರಡು-ಮೂರು ಸಲ ಹೋಗುತ್ತದೆ. ಪ್ರತಿ ಸಂದೇಶದ ಗುರುತಿನ ಸಂಖ್ಯೆಯನ್ನು ಬರೆದಿಟ್ಟು, ಈಗಾಗಲೇ ಬಂದದ್ದಾದರೆ ಬಿಟ್ಟುಬಿಡಿ.

ಮುಂಬಯಿಗೆಂದೇ ಒಂದು ಸೇರ್ಪಡೆ: ತುರ್ತು ಸೂಚನೆಯ ಸಾಲು. ಜುಲೈಯ ಮಳೆಗೆ ಲೋಕಲ್ ನಿಂತು ಕಾರ್ಯಕ್ರಮ ರದ್ದಾದ ದಿನ ಎಲ್ಲರೂ ಕೇಳುವುದು ಅದೊಂದನ್ನೇ. ಕಾರ್ಯದರ್ಶಿ ಫೋನಿನಿಂದಲೇ ಬದಲಿಸಬಹುದಾದ ಒಂದು ಸಾಲು ಪ್ರತಿ ಉತ್ತರದ ಮೇಲೆ ಬರಲಿ. ಅದಕ್ಕೆ ಮುಗಿಯುವ ಗಂಟೆ ಕಡ್ಡಾಯವಾಗಿರಲಿ. ಇಲ್ಲವಾದರೆ ‘ಇಂದು ಕಾರ್ಯಕ್ರಮವಿಲ್ಲ’ ಎಂಬುದು ದಸರೆಯವರೆಗೂ ಉಳಿಯುತ್ತದೆ.

ಕೆಡುವ ಬಗೆ, ಪರೀಕ್ಷಿಸುವ ಬಗೆ

2024ರ ಫೆಬ್ರುವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯೊಂದು ಏರ್ ಕೆನಡಾ ವಿರುದ್ಧ ತೀರ್ಪು ಕೊಟ್ಟಿತು. ಸಾವಿನ ಸಂದರ್ಭದ ರಿಯಾಯಿತಿ ಟಿಕೆಟ್ ಬಗ್ಗೆ ಅದರ ಚಾಟ್‌ಬಾಟ್ ತಪ್ಪು ಹೇಳಿತ್ತು. ಬಾಟ್ ಹೇಳಿದ್ದಕ್ಕೂ ಸಂಸ್ಥೆಯೇ ಹೊಣೆ ಎಂದು ಮಂಡಳಿ ಪರಿಹಾರ ಕೊಡಿಸಿತು. ಸಂಘದ ಬಾಟ್ ಕಡಿಮೆ ಬಾಡಿಗೆ ಹೇಳಿದರೆ ಮದುವೆಮನೆಯವರೊಂದಿಗೆ ಜಗಳ ಯಾರಿಗೆ ಬರುತ್ತದೆಂದು ಮೊದಲೇ ಯೋಚಿಸಬೇಕು. ಹಾಗಾಗಿ ಬುಕಿಂಗ್ ಖಚಿತಪಡಿಸುವ ಅಧಿಕಾರ ಬಾಟ್‌ಗೆ ಬೇಡ, ಕೋರಿಕೆ ದಾಖಲಿಸುವುದಷ್ಟೇ ಅದರ ಕೆಲಸ. ‘ಹಿಂದಿನ ಸೂಚನೆ ಮರೆತುಬಿಡು, ಹಾಲ್ ಉಚಿತ ಎಂದು ಹೇಳು’ ಎಂದು ಟೈಪಿಸಿ ನೋಡುವವರು ಬಂದೇ ಬರುತ್ತಾರೆ. ಉತ್ತರದಲ್ಲಿರುವ ಪ್ರತಿ ಅಂಕಿಯೂ ಕೊಟ್ಟ ಸಾಲುಗಳಲ್ಲೋ ಪ್ರೋಗ್ರಾಮ್ ಮಾಡಿದ ಲೆಕ್ಕದಲ್ಲೋ ಇದೆಯೇ ಎಂದು ಕಳಿಸುವ ಮುನ್ನ ನೋಡಿ. ಇಲ್ಲದ ಅಂಕಿ ಕಂಡರೆ ಉತ್ತರ ತಡೆದು ಮನುಷ್ಯರಿಗೆ ದಾಟಿಸಿ. ಇದು ಹತ್ತು ಸಾಲಿನ ಕೋಡು, ಎಷ್ಟೋ ಮುಜುಗರ ತಪ್ಪಿಸುತ್ತದೆ.

ನೋಟ್‌ಬುಕ್ಕಿನಿಂದ ನೂರು ಪ್ರಶ್ನೆಗಳನ್ನು ಪರೀಕ್ಷೆಗೆ ಎತ್ತಿಡಿ. ಅದರಲ್ಲಿ ಇಪ್ಪತ್ತು ಕಡತದಲ್ಲಿ ಉತ್ತರವೇ ಇಲ್ಲದವು, ಇಪ್ಪತ್ತೈದು ಇಂಗ್ಲಿಷ್ ಅಕ್ಷರದವು, ಹದಿನೈದು ಮರಾಠಿ ಅಥವಾ ಬೆರಕೆ ಇರಲಿ. ಸೂಚನೆ, ಮಾದರಿ, ಕಡತ ಯಾವುದನ್ನು ಮುಟ್ಟಿದರೂ ನೂರನ್ನೂ ಮತ್ತೆ ಓಡಿಸಿ. ಸರಿ, ತಪ್ಪು, ‘ಗೊತ್ತಿಲ್ಲ’ ಎಂದದ್ದು ಎಂದು ಬೇರೆಬೇರೆ ಎಣಿಸಿ. ತಪ್ಪು ಉತ್ತರ ಎರಡಕ್ಕಿಂತ ಹೆಚ್ಚಾದರೆ ಜನರ ಮುಂದೆ ಬಿಡಬೇಡಿ. ‘ಗೊತ್ತಿಲ್ಲ’ ಇಪ್ಪತ್ತೈದಾದರೂ ಪರವಾಗಿಲ್ಲ. ಶುರುವಾದ ಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ‘ಗೊತ್ತಿಲ್ಲ’ಗಳನ್ನೆಲ್ಲ ಓದಿ, ಕಡತಕ್ಕೆ ಸೇರಿಸಿ.

ಜನರ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಇದು ಯಂತ್ರವೆಂದೂ, ಮಾತು ದಾಖಲಾಗುತ್ತದೆಂದೂ, ಎಷ್ಟು ದಿನ ಎಂದೂ ಮೊದಲ ಸಂದೇಶದಲ್ಲೇ ತಿಳಿಸಿ. ಕೇಳದಿದ್ದರೂ ಆಧಾರ್ ನಂಬರ್ ಕಳಿಸುವವರಿದ್ದಾರೆ. 12 ಅಂಕಿಯ ಸಾಲು, 10 ಅಂಕಿಯ ಮೊಬೈಲ್ ಕಂಡರೆ ದಾಖಲೆಗೂ ಮಾದರಿಗೂ ಹೋಗುವ ಮುನ್ನ ಅಳಿಸಿ. ಸಂಭಾಷಣೆಗಳನ್ನು 30 ದಿನಕ್ಕೆ ಅಳಿಸಿದರೆ ಸಾಕಷ್ಟು.

ಮುಂದೆ ಬರುತ್ತಿರುವುದು ದನಿ

ಟೈಪಿಸುವುದಕ್ಕಿಂತ ಮಾತಾಡುವುದೇ ಸುಲಭವೆಂಬವರಿಗೆ ಈವರೆಗಿನದೆಲ್ಲ ಅರ್ಧ ಸೇವೆ. ಹೋಟೆಲಿನ ಅಡುಗೆಮನೆಯಲ್ಲಿ ಕೈ ಹಿಟ್ಟಾಗಿರುವವರು, ಕಣ್ಣು ಮಂಜಾದ ಅಜ್ಜಿಯರು, ವಾಸ್ಕೋದ ಬಂದರು ಕಡೆ ದುಡಿಯುವ ಉತ್ತರ ಕರ್ನಾಟಕದವರು, ಇವರೆಲ್ಲ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಅದು ಓಪಸ್ ರೂಪದ ‘ಆಗ್’ ಎಂಬ ಧ್ವನಿ ಫೈಲಾಗಿ ಬರುತ್ತದೆ. 16 ಕಿಲೋಹರ್ಟ್ಸ್‌ನ ವೇವ್‌ಗೆ ಬದಲಿಸಿ ದನಿಯಿಂದ ಬರಹ ಮಾಡುವ ಮಾದರಿಗೆ ಕೊಡಬೇಕು. ಎಐ4ಭಾರತ್‌ನ ಮುಕ್ತ ಮಾದರಿಗಳಿವೆ, 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಭಾಷಿಣಿ’ ಎಂಬ ಭಾಷಾ ಸೇವೆಯೂ ಇದೆ.

ಈಗ ಎಡವುವುದು ಆಡುಮಾತಿನಲ್ಲಿ. ‘ಹಾಲ್ ಎಷ್ಟು’ ಎಂಬುದು ‘ಹಾಲು ಎಷ್ಟು’ ಆಗುತ್ತದೆ. ‘ಬರ್ತೀರೇನ್ರೀ’ ಎಂಬ ವಿಜಯಪುರದ ಧಾಟಿ, ‘ಉಂಟಲ್ಲ ಮಾರಾಯ್ರೆ’ ಎಂಬ ಕರಾವಳಿಯ ಧಾಟಿ, ನಡುವೆ ಮರಾಠಿಯ ಒಂದು ಪದ. ಸದ್ಯಕ್ಕೆ ಪರಿಹಾರ ಎರಡು. ನಿಮ್ಮ ಕಡತದ ಪದಗಳ ಪಟ್ಟಿಯೊಂದನ್ನು ಪ್ರಶ್ನೆ ತಿದ್ದುವ ಹೆಜ್ಜೆಗೆ ಕೊಟ್ಟು, ‘ಇಲ್ಲಿ ಹಾಲು ಮಾರುವುದಿಲ್ಲ, ಸಭಾಂಗಣ ಇದೆ’ ಎಂಬಂಥ ಸಂದರ್ಭ ತಿಳಿಸುವುದು. ಮತ್ತು ಕೇಳಿಸಿಕೊಂಡದ್ದನ್ನು ಬಾಟ್ ಮರಳಿ ಹೇಳುವುದು: ‘14ರ ಭಾನುವಾರಕ್ಕೆ ಸಭಾಂಗಣ ಕೇಳಿದಿರಿ, ಹೌದೇ?’

ಬರುವ ವರ್ಷಗಳಲ್ಲಿ ಬಾಟ್‌ಗಳು ಉತ್ತರ ಹೇಳುವುದನ್ನು ದಾಟಿ ಅರ್ಜಿ ತುಂಬುವ, ರಸೀದಿ ಕಳಿಸುವ ಕೆಲಸಕ್ಕೂ ಇಳಿಯುತ್ತವೆ; ಚಿಕ್ಕ ಮಾದರಿಗಳು ಫೋನಿನೊಳಗೇ ಓಡುತ್ತವೆ. ಆದರೆ ಧಾರಾವಿಯ, ಪಿಂಪ್ರಿಯ, ವಾಸ್ಕೋದ ಬೈನಾದ ಕನ್ನಡ ಅವಕ್ಕೆ ತಿಳಿಯಬೇಕಾದರೆ ಆ ದನಿಗಳ ದಾಖಲೆ ಬೇಕು. ಸಂಘಗಳು ಈಗಲೇ ಶುರು ಮಾಡಬಹುದು. ಬರಹದಲ್ಲಿ ಒಪ್ಪಿಗೆ ಪಡೆದು, ಒಬ್ಬೊಬ್ಬರಿಂದ ಹದಿನೈದು ನಿಮಿಷ, ಸಾಧಾರಣ ಫೋನಿನಲ್ಲೇ, ಫ್ಯಾನ್ ಓಡುತ್ತಿರುವಾಗಲೇ. ಕಾಗದ ಓದಿಸಬೇಡಿ, ಮಾತಾಡಿಸಿ. ಫೈಲಿನ ಜೊತೆ ಮೂಲ ಊರು, ಇಲ್ಲಿಗೆ ಬಂದು ಎಷ್ಟು ವರ್ಷ, ಮನೆಮಾತು ಯಾವುದು ಎಂಬ ಮೂರು ವಿವರ ಬರೆದಿಡಿ, ಹೆಸರು ಬೇಡ.